ಕಾಂಬೋನಾ, ಹೆಡ್ಡಾ? ಒಂದು ಗಿಟಾರ್ ಆಂಪ್‌ಗಾಗಿ ಕಲಬುರಗಿಯಲ್ಲಿ ಕಳೆದ ಐದು ತಿಂಗಳು

ಮೊನ್ನೆ ಭಾನುವಾರ ಸಂಜೆ ನಮ್ಮ ಪ್ರಾಕ್ಟೀಸ್ ರೂಮಿನಲ್ಲಿ ಹೊಸ ಆಂಪ್ (ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್) ಆನ್ ಮಾಡಿದೆ. ದೀಪಾವಳಿ ಮುಗಿದ ವಾರ ಶುರುವಾದ ಕೆಲಸ, ಅಪ್ಪನ (ಶರಣಬಸವೇಶ್ವರರ) ಜಾತ್ರೆ ಮುಗಿದ ಮೇಲೆ ಮುಗಿಯಿತು. ಈ ಐದು ತಿಂಗಳಲ್ಲಿ ಎರಡು ಸಲ ಹೈದರಾಬಾದಿಗೆ ಹೋಗಿ ಬಂದೆ. ಒಂದು ಆಂಪ್ ವಾಪಸ್ ಕಳಿಸಿದೆ. ಒಬ್ಬ ಬಡಗಿ, ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಹಳೇ ರೇಡಿಯೋ ರಿಪೇರಿಯವರ ಹತ್ತಿರ ಕೂತು ಕಲಿತೆ. ಕಾಂಬೋ ತಗೊಳ್ಳೋದಾ, ಹೆಡ್ ಬೇರೆ ಕ್ಯಾಬಿನೆಟ್ ಬೇರೆ ತಗೊಳ್ಳೋದಾ ಅಂತ ಕೇಳಿದರೆ ಬೆಂಗಳೂರು, ಮುಂಬೈಯಲ್ಲಿ ಇರುವವರು ಕೊಡುವ ಉತ್ತರ ನಮ್ಮ ಕಡೆಗೆ ಪೂರ್ತಿ ಹೊಂದುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆ ಗಿಟಾರ್ ಹಿಡಿದವರು ಯಾರಾದರೂ ಈಗ ಆಂಪ್ ಕೊಳ್ಳಲು ಹೊರಟಿದ್ದರೆ ಅವರಿಗೆ ದಾರಿ ಸ್ವಲ್ಪ ಸಲೀಸಾಗಲಿ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕಾಂಬೋ ಅಂದರೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವುದು. ಹೆಡ್ ಅಂದರೆ ಬರೀ ಆಂಪ್ಲಿಫೈಯರ್. ಅದರ ಸ್ಪೀಕರ್ ಬೇರೆ ಪೆಟ್ಟಿಗೆಯಲ್ಲಿ ಇರುತ್ತದೆ, ಅದಕ್ಕೆ ಕ್ಯಾಬಿನೆಟ್ ಅಥವಾ ಕ್ಯಾಬ್ ಅನ್ನುತ್ತಾರೆ. ನಡುವೆ ಒಂದು ವೈರ್. ಒಳಗಿನ ಸರ್ಕ್ಯೂಟ್ ಎಷ್ಟೋ ಸಲ ಎರಡರಲ್ಲೂ ಒಂದೇ.

ನಾನು ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ನಾವು ನಾಲ್ಕು ಜನ ಸೇರಿ ತತ್ವಪದ, ವಚನ, ಹಿಂದಿ ಹಾಡು ಎಲ್ಲ ನುಡಿಸುತ್ತೇವೆ. ಕಾಲೇಜ್ ಗ್ಯಾದರಿಂಗ್, ಗಣೇಶ, ಮದುವೆ ಆರತಕ್ಷತೆ, ಹೀಗೆ ತಿಂಗಳಿಗೆ ಎರಡು ಮೂರು ಕಾರ್ಯಕ್ರಮ. ಮನೆಯಲ್ಲಿ 10 ವಾಟ್‌ನ ಸಣ್ಣ ಆಂಪ್ ಇದೆ, ಅದು ಡ್ರಮ್ ಮುಂದೆ ಕೇಳುವುದೇ ಇಲ್ಲ. ಹಾಗಾಗಿ ಸ್ಟೇಜ್ ಮೇಲೆ ಗಿಟಾರನ್ನು ಪೆಡಲ್ (ಕಾಲಿನಿಂದ ಒತ್ತಿ ಸದ್ದು ಬದಲಿಸುವ ಡಬ್ಬಿ) ಮೂಲಕ ನೇರ ಸೌಂಡ್ ಮಿಕ್ಸರ್‌ಗೆ ಕೊಡುತ್ತಿದ್ದೆ. ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಹಾಕಿದ ತಕ್ಷಣ ಜೇನುನೊಣ ಡಬ್ಬಿಯಲ್ಲಿ ಹಾಕಿ ಅಲುಗಾಡಿಸಿದ ಹಾಗೆ ಕೇಳುತ್ತಿತ್ತು. ಅದು ಮಿಕ್ಸರ್‌ನವರ ತಪ್ಪಲ್ಲ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ತೀಕ್ಷ್ಣ ಸದ್ದನ್ನು ತಾನೇ ಕತ್ತರಿಸಿ ಬಿಡುತ್ತದೆ. ಪಿಎ ಸ್ಪೀಕರ್ (ಸಭೆಗೆ ಕೇಳಿಸಲು ಇಡುವ ದೊಡ್ಡ ಸ್ಪೀಕರ್) ಕತ್ತರಿಸುವುದಿಲ್ಲ, ಎಲ್ಲವನ್ನೂ ಕೇಳಿಸುತ್ತದೆ. ಕಳೆದ ಗಣೇಶ ಹಬ್ಬದಲ್ಲಿ ನಮ್ಮ ಹಾಡುಗಾರ ಹಾಡಿನ ನಡುವೆಯೇ ತಿರುಗಿ ನೋಡಿ ಕೈ ಸನ್ನೆ ಮಾಡಿದ, ಗಿಟಾರ್ ಕಡಿಮೆ ಮಾಡು ಅಂತ. ಆ ರಾತ್ರಿ ಮನಸ್ಸಿಗೆ ತುಂಬಾ ಹತ್ತಿತು. ನಾನು ಸರಿಯಾಗಿಯೇ ನುಡಿಸಿದ್ದೆ, ಕೇಳಿದ್ದು ಮಾತ್ರ ಬೇರೆ. ಆಗಲೇ ಒಂದು ನಿಜವಾದ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವುದು) ತಗೊಳ್ಳಬೇಕು ಅಂತ ತೀರ್ಮಾನ ಮಾಡಿದೆ. ಮೂರು ವರ್ಷದ ಬೋನಸ್ ಕೂಡಿಟ್ಟ ದುಡ್ಡು ಇತ್ತು. ಬಜೆಟ್ 75,000 ರೂಪಾಯಿ.

ದೀಪಾವಳಿ ಆದ ಮೇಲೆ ಬೆಳಗಿನ ರೈಲಿಗೆ ಹೈದರಾಬಾದಿಗೆ ಹೊರಟೆ. ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಮಧ್ಯಾಹ್ನದೊಳಗೆ ಅಲ್ಲಿ. ನನ್ನದೇ ಗಿಟಾರ್, ನನ್ನದೇ ಕೇಬಲ್ ಒಯ್ದಿದ್ದೆ. ನೀವೂ ಹಾಗೇ ಮಾಡಿ. ಅಂಗಡಿಯ ದುಬಾರಿ ಗಿಟಾರ್‌ನಲ್ಲಿ ಕೇಳಿದ ಸದ್ದು ನಿಮ್ಮ ಮನೆಗೆ ಬರುವುದಿಲ್ಲ. ಒಂದೇ ಕಂಪನಿಯ ಒಂದೇ 20 ವಾಟ್ ಸರ್ಕ್ಯೂಟ್ ಅಲ್ಲಿ ಕಾಂಬೋ ರೂಪದಲ್ಲೂ ಇತ್ತು, ಹೆಡ್ ರೂಪದಲ್ಲೂ ಇತ್ತು. ಇಂಥ ಜೋಡಿ ಸಿಕ್ಕರೆ ಬಿಡಬೇಡಿ, ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯದು ಇಲ್ಲ.

ಮೊದಲು ಕಾಂಬೋ. ಅದರ ಹಿಂಭಾಗ ಅರ್ಧ ತೆರೆದಿತ್ತು. ಸದ್ದು ಮುಂದೂ ಹೋಗುತ್ತದೆ, ಹಿಂದೂ ಹೋಗಿ ಗೋಡೆಗೆ ಬಡಿದು ಬರುತ್ತದೆ. ಕೋಣೆ ತುಂಬಾ ಹರಡಿಕೊಂಡ, ಹಗುರಾದ ಸದ್ದು. ಆಮೇಲೆ ಹೆಡ್ ಅನ್ನು ಹಿಂದೆ ಪೂರ್ತಿ ಮುಚ್ಚಿದ ಕ್ಯಾಬ್‌ಗೆ ಹಾಕಿ ಕೊಟ್ಟರು. ನಾಬ್ ಎಲ್ಲ ಅದೇ ಜಾಗದಲ್ಲಿ ಇಟ್ಟಿದ್ದೆ. ಕೆಳಗಿನ ತಂತಿಗಳು ಬಿಗಿಯಾಗಿ, ಎದೆಗೆ ತಟ್ಟಿದ ಹಾಗೆ ಕೇಳಿದವು. ಆದರೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಸದ್ದು ಮಂಕಾಗುತ್ತಿತ್ತು. ಹೆಡ್ ಅಂದರೆ ಜಾಸ್ತಿ ದೊಡ್ಡ ಸದ್ದು ಅಂದುಕೊಂಡಿದ್ದೆ, ಹಾಗಲ್ಲ. ನಾನು ಕೇಳುತ್ತಿದ್ದ ವ್ಯತ್ಯಾಸ ಸ್ಪೀಕರಿನದು, ಪೆಟ್ಟಿಗೆಯದು. ಹೆಡ್ಡಿನದಲ್ಲ.

ವಾಟ್ ವಿಷಯವೂ ಅಲ್ಲೇ ತಿಳಿಯಿತು. 40 ವಾಟ್ ಅಂದರೆ 20 ವಾಟ್‌ನ ಎರಡರಷ್ಟು ಸದ್ದಲ್ಲ. ಎರಡರಷ್ಟು ವಾಟ್ ಕೊಟ್ಟರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಹೆಚ್ಚು ಕಡಿಮೆ ಹತ್ತರಷ್ಟು ವಾಟ್ ಬೇಕು. ಮದುವೆ ಹಾಲ್‌ನಲ್ಲಿ ಡ್ರಮ್ ಜೊತೆ ನಿಲ್ಲಲು 20 ವಾಟ್‌ನ ಟ್ಯೂಬ್ ಆಂಪ್ ಸಾಕು. ಅದಕ್ಕಿಂತ ದೊಡ್ಡ ಜಾಗವಾದರೆ ಹೇಗೂ ಸ್ಪೀಕರ್ ಮುಂದೆ ಮೈಕ್ ಇಡುತ್ತಾರೆ. 100 ವಾಟ್‌ಗೆ ದುಡ್ಡು ಸುರಿಯುವ ಮುಂಚೆ ಇದನ್ನು ಯೋಚಿಸಿ.

ಅವತ್ತು ಮನಸ್ಸು ಕಾಂಬೋ ಕಡೆ ವಾಲಿತು. ಒಂದೇ ವಸ್ತು, ಒಂದೇ ಬಿಲ್, ತಂದು ಪ್ಲಗ್ ಹಾಕಿದರೆ ಆಯಿತು. ರೆಡಿಮೇಡ್ ಕ್ಯಾಬ್‌ಗೆ ಬೇರೆ 24,000 ಕೇಳಿದ್ದರು. ಅವತ್ತೇ ಕೊಂಡು ರೈಲಿನಲ್ಲಿ ತರುವ ಧೈರ್ಯ ಆಗಲಿಲ್ಲ. ವಾಪಸ್ ಬಂದು, ಬೇರೆ ಊರಿನ ಒಂದು ಅಂಗಡಿಯಿಂದ ಫೋನ್ ಮೇಲೆ ಮಾತಾಡಿ ಅದೇ ಕಾಂಬೋ ಆರ್ಡರ್ ಮಾಡಿದೆ. 72,000 ರೂಪಾಯಿ, ಸಾಗಾಣಿಕೆ 1,850 ಬೇರೆ.

ಒಂಬತ್ತು ದಿನ ಆದ ಮೇಲೆ ಟ್ರಾನ್ಸ್‌ಪೋರ್ಟ್ ಗೋಡೌನ್‌ನಿಂದ ಫೋನ್ ಬಂತು. ಬಿಲ್ಟಿ (ಸಾಗಾಣಿಕೆಯ ರಸೀದಿ) ತೋರಿಸಿ ಮಾಲು ಬಿಡಿಸಿಕೊಳ್ಳಲು ಹೋದೆ. ನಮ್ಮ ಮಿಲ್‌ನ ಹಮಾಲ ಕಾಕಾ ಅವತ್ತು ಬಿಡುವಾಗಿದ್ದರು, ಜೊತೆಗೆ ಬಂದರು. ನಲವತ್ತು ವರ್ಷ ತೊಗರಿ ಚೀಲ ಹೊತ್ತ ಬೆನ್ನು ಅದು. 21 ಕೆಜಿ ಡಬ್ಬಿ ಅವರಿಗೆ ಏನೂ ಅಲ್ಲ ಅಂದುಕೊಂಡಿದ್ದೆ. ಅವರು ಎತ್ತಿದರು, ನಾಲ್ಕು ಹೆಜ್ಜೆ ನಡೆದರು, ಕೆಳಗಿಟ್ಟು ಡಬ್ಬಿಯ ಸುತ್ತ ಒಮ್ಮೆ ನೋಡಿದರು.

“ಸಾಹೇಬ್ರ, ಇದರ ಭಾರೆಲ್ಲಾ ಒಂದೇ ಕಡಿ ಅದ. ಚೀಲಾದ್ರ ಮೈಗಿ ಕುಂದರ್ತದ, ಇದು ಕುಂದ್ರಂಗಿಲ್ಲ. ಎರಡ್ ಗಂಟ್ ಮಾಡಿದ್ರ ಕೈಗೊಂದ್ ಹಿಡ್ಕೊಂಡ್ ಹೋಗ್ಬಹುದಿತ್ತು.”

ಅವರು ಹೇಳಿದ್ದು ಅಕ್ಷರಶಃ ನಿಜ. ಟ್ಯೂಬ್ ಆಂಪ್‌ನಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಅನ್ನುವ ಕಬ್ಬಿಣದ ಗಟ್ಟಿ ಚಾಸಿಯ (ಒಳಗಿನ ಲೋಹದ ಚೌಕಟ್ಟಿನ) ಒಂದು ತುದಿಯಲ್ಲಿ ಇರುತ್ತದೆ. ಮೇಲಿನ ಹಿಡಿಕೆ ಹಿಡಿದು ಎತ್ತಿದರೆ ಒಂದು ಕಡೆ ಜಗ್ಗುತ್ತದೆ, ಮೊಣಕಾಲಿಗೆ ಬಡಿಯುತ್ತದೆ. ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಮನೆ ತಲುಪುವ ಆತುರದಲ್ಲಿದ್ದೆ. ಡಬ್ಬಿಯ ಒಂದು ಮೂಲೆ ಜಜ್ಜಿತ್ತು. ಅದನ್ನು ನೋಡಿಯೂ ಸಹಿ ಹಾಕಿದೆ.

ಇಲ್ಲಿ ಸ್ವಲ್ಪ ನಿಂತು ಓದಿ. ಡಬ್ಬಿ ಒಂದು ಚೂರು ಜಜ್ಜಿದ್ದರೂ ಡೆಲಿವರಿ ಕಾಪಿಯ ಮೇಲೆ “ಡಬ್ಬಿ ಜಜ್ಜಿದೆ, ಒಳಗೆ ನೋಡಿಲ್ಲ” ಅಂತ ಬರೆದೇ ಸಹಿ ಹಾಕಿ. ಅವರು ಬೇಡ ಅಂದರೂ ಬರೆಯಿರಿ. ಡಬ್ಬಿಯ ಆರೂ ಮುಖದ ಫೋಟೋ ತೆಗೆಯಿರಿ. ಬಿಚ್ಚುವಾಗ ಮೊದಲಿನಿಂದ ಕೊನೆತನಕ ನಿಲ್ಲಿಸದೆ ಒಂದೇ ವಿಡಿಯೋ ಮಾಡಿ. ಬಿಲ್ಟಿ, ಜಿಎಸ್‌ಟಿ ಬಿಲ್, ವಾರಂಟಿ ಕಾರ್ಡ್, ಆಂಪ್ ಹಿಂದಿನ ಸೀರಿಯಲ್ ನಂಬರ್, ನಾಲ್ಕನ್ನೂ ಫೋನಿನಲ್ಲಿ ಒಂದೇ ಕಡೆ ಇಟ್ಟುಕೊಳ್ಳಿ. ಬಿಲ್ ಮೇಲಿನ ಸೀರಿಯಲ್ ನಂಬರ್ ಮತ್ತು ಆಂಪ್ ಮೇಲಿನದು ಒಂದೇನಾ ಅಂತ ಅಲ್ಲೇ ನೋಡಿ.

ಮನೆ ಮೇಲಿನ ಮಹಡಿಯಲ್ಲಿ. 23 ಮೆಟ್ಟಿಲು. ಕಾಕಾ ಮೇಲಿಟ್ಟು ಹೋದರು. ಬಿಚ್ಚಿದೆ, ಹೊಸ ರೆಕ್ಸಿನ್ ವಾಸನೆ ಮೂಗಿಗೆ ಬಡಿಯಿತು. ಆನ್ ಮಾಡುವ ಮುಂಚೆ ಹಿಂದೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದೆ. ಎರಡು ಪವರ್ ಟ್ಯೂಬ್. ಒಂದರ ಗಾಜಿನ ಒಳಗೆ ಕನ್ನಡಿಯ ಹಾಗೆ ಬೆಳ್ಳಿ ಬಣ್ಣದ ಲೇಪ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಅದೇ ಜಾಗ ಹಾಲಿನ ಹಾಗೆ ಬೆಳ್ಳಗಾಗಿತ್ತು. ಪುಡಿ ಸುಣ್ಣ ಬಳಿದ ಹಾಗೆ. ಏನೋ ಸರಿಯಿಲ್ಲ ಅನ್ನಿಸಿತು, ಆನ್ ಮಾಡಲಿಲ್ಲ. ಫೋಟೋ ತೆಗೆದುಕೊಂಡು ಸೂಪರ್ ಮಾರ್ಕೆಟ್ ಹತ್ತಿರ ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಬಳಿ ಹೋದೆ. ಅವರು ಫೋನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು.

“ಹಾಲಿನ ಬಣ್ಣ ಆಗ್ಯಾದಂದ್ರ ಒಳಗ ಗಾಳಿ ಹೊಕ್ಕದ ತಮ್ಮಾ. ಈ ವಾಲ್ವ್ ಮುಗೀತು. ಆನ್ ಮಾಡ್ಲಿಲ್ಲಲ್ಲ, ಛಲೋ ಮಾಡ್ದಿ.”

ಟ್ಯೂಬಿನ ಒಳಗೆ ಗಾಳಿ ಇರಬಾರದು. ಆ ಬೆಳ್ಳಿ ಲೇಪಕ್ಕೆ ಗೆಟರ್ ಅನ್ನುತ್ತಾರೆ, ಒಳಗೆ ಉಳಿದ ಚೂರುಪಾರು ಗಾಳಿಯನ್ನು ಹೀರಲು ಅದನ್ನು ಇಟ್ಟಿರುತ್ತಾರೆ. ಗಾಜು ಎಲ್ಲೋ ಕೂದಲೆಳೆಯಷ್ಟು ಬಿರಿದರೂ ಹೊರಗಿನ ಗಾಳಿ ಹೊಕ್ಕು ಅದು ಬಿಳಿಯಾಗುತ್ತದೆ. ಹೊಸ ಆಂಪ್ ತಂದವರು ಮೊದಲು ನೋಡಬೇಕಾದ್ದು ಇದು. ಒಂದು ನಿಮಿಷದ ಕೆಲಸ. ಅವರು ಇನ್ನೊಂದು ಮಾತು ಗಟ್ಟಿಯಾಗಿ ಹೇಳಿದರು: ಚಾಸಿ ಬಿಚ್ಚಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300, 400 ವೋಲ್ಟ್ ನಿಂತಿರಬಹುದು. ಜೀವಕ್ಕೆ ಅಪಾಯ.

ಟ್ಯೂಬ್ ಬದಲಿಸಿ ಅಂತ ಅಂಗಡಿಗೆ ಫೋನ್ ಮಾಡಿದೆ. ಮರುದಿನ ಬೆಳಕಿನಲ್ಲಿ ಸರಿಯಾಗಿ ನೋಡಿದರೆ ಚಾಸಿಯ ಒಂದು ಬದಿಯೇ ಬಾಗಿತ್ತು. ಟ್ರಾನ್ಸ್‌ಫಾರ್ಮರ್ ಇದ್ದ ಬದಿ. ಭಾರ ಇರುವ ಮೂಲೆಯ ಮೇಲೆಯೇ ಡಬ್ಬಿ ಬಿದ್ದಿರಬೇಕು. ಅಂಗಡಿಯವರು ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಿ ಅಂದರು. ಟ್ರಾನ್ಸ್‌ಪೋರ್ಟ್‌ನವರು ನಿಮ್ಮ ಸಹಿ ಇದೆಯಲ್ಲ ಅಂದರು. ಆರು ಇಮೇಲ್, ಎಷ್ಟೋ ಫೋನ್. ಕೊನೆಗೆ ಐದು ವಾರ ಆದ ಮೇಲೆ ಅಂಗಡಿಯವರು ವಾಪಸ್ ತಗೊಂಡು 72,000 ಪೂರ್ತಿ ಕೊಟ್ಟರು. ಸಾಗಾಣಿಕೆಯ 1,850 ಹೋಯಿತು. ಬಿಚ್ಚುವಾಗ ವಿಡಿಯೋ ಮಾಡಿದ್ದೆ, ಕೆಲಸಕ್ಕೆ ಬಂದದ್ದು ಅದೇ. ಆ ಐದು ವಾರ ಕಚೇರಿಯಲ್ಲಿ ಕೂತು ಲೆಕ್ಕ ಕೂಡಿಸುವಾಗಲೂ ತಲೆಯಲ್ಲಿ ಅದೇ ಇತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. 72,000 ರೂಪಾಯಿ ನಮ್ಮಂಥವರಿಗೆ ಸಣ್ಣ ಮೊತ್ತ ಅಲ್ಲ.

ಕಾಯುವ ದಿನಗಳಲ್ಲಿ ಕಾಕಾ ಹೇಳಿದ ಮಾತು ಮತ್ತೆ ಮತ್ತೆ ನೆನಪಾಯಿತು. ಎರಡು ಗಂಟು ಮಾಡಬಹುದಿತ್ತು. ಈ ಸಲ ಸದ್ದಿನ ವಿಷಯ ಪಕ್ಕಕ್ಕಿಟ್ಟು ಬೇರೆ ಪ್ರಶ್ನೆ ಕೇಳಿಕೊಂಡೆ. ಆಂಪ್ ಎಲ್ಲಿ ಇರುತ್ತದೆ? ಯಾರು ಎತ್ತುತ್ತಾರೆ? ಕೆಟ್ಟರೆ ಎಲ್ಲಿಗೆ ಒಯ್ಯಬೇಕು?

ಮನೆ ಸೇಡಂ ರಸ್ತೆ ಕಡೆ, ಪ್ರಾಕ್ಟೀಸ್ ರೂಮು ಅಲ್ಲಿಂದ ಎರಡೂವರೆ ಕಿಲೋಮೀಟರ್. ಅದು ಸ್ನೇಹಿತನ ಅಂಗಡಿಯ ಹಿಂದಿನ ಗೋಡೌನು, ಬೀಗ ಅಷ್ಟು ಗಟ್ಟಿ ಇಲ್ಲ. ದುಬಾರಿ ವಸ್ತು ರಾತ್ರಿ ಅಲ್ಲಿ ಬಿಡುವ ಹಾಗಿಲ್ಲ. ಕಾಂಬೋ ಆದರೆ ಪ್ರತಿ ಸಲ 23 ಮೆಟ್ಟಿಲು ಇಳಿಸಿ, ಆಟೋದಲ್ಲಿ ಹಾಕಿ, ಮತ್ತೆ ಹತ್ತಿಸಬೇಕು. ಹೆಡ್ ಆದರೆ ಅದೊಂದನ್ನೇ ಮನೆಗೆ ತಂದರಾಯಿತು, ಕ್ಯಾಬ್ ಅಲ್ಲೇ ಇರಲಿ.

ಎಲ್ಲಕ್ಕಿಂತ ದೊಡ್ಡ ವಿಷಯ ರಿಪೇರಿ. ನಮ್ಮೂರಲ್ಲಿ ಟ್ಯೂಬ್ ಗಿಟಾರ್ ಆಂಪ್ ಬಿಚ್ಚುವವರು ನನಗೆ ಸಿಗಲಿಲ್ಲ. ರೇಡಿಯೋ ಹಿರಿಯರು ಈಗ ಕೈ ನಡುಗುತ್ತದೆ ಅಂದರು. ಅಂದರೆ ಹೈದರಾಬಾದಿಗೇ ಒಯ್ಯಬೇಕು. ಕಾಂಬೋದಲ್ಲಿ ಒಂದು ಸಣ್ಣ ರೆಸಿಸ್ಟರ್ ಸುಟ್ಟರೂ ಸ್ಪೀಕರ್, ಪೆಟ್ಟಿಗೆ ಎಲ್ಲ ಸೇರಿ ಪಾರ್ಸಲ್ ಆಗಬೇಕು. ಹೆಡ್ ಆದರೆ ಕೈಯಲ್ಲಿ ಹಿಡಿದು ರೈಲು ಹತ್ತಬಹುದು. ಸ್ಪೀಕರ್ ಸುಟ್ಟರೆ ಬರೀ ಸ್ಪೀಕರ್ ತರಿಸಿ ನಾವೇ ಹಾಕಬಹುದು, ನಾಲ್ಕಾರು ಬೋಲ್ಟ್, ಎರಡು ವೈರ್ ಅಷ್ಟೇ. ಇನ್ನೊಂದು ಮಾತೂ ಇದೆ. ಕಾಂಬೋದಲ್ಲಿ ಟ್ಯೂಬ್‌ಗಳು ಸ್ಪೀಕರ್ ಜೊತೆ ಒಂದೇ ಪೆಟ್ಟಿಗೆಯಲ್ಲಿ ಅಲುಗಾಡುತ್ತಾ ಇರುತ್ತವೆ. ಎಷ್ಟೋ ಕಾಂಬೋ ವರ್ಷಗಟ್ಟಲೆ ಚೆನ್ನಾಗಿಯೇ ಇರುತ್ತವೆ, ಆದರೂ ಟ್ಯೂಬ್ ಗಣಗಣ ಅನ್ನುವ ತೊಂದರೆ ಕಾಂಬೋದಲ್ಲೇ ಜಾಸ್ತಿ.

ಆಗ ಓದಿದ ಹಳೇ ಕಥೆಗಳು ಸಮಾಧಾನ ಕೊಟ್ಟವು. ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ 1962ರಲ್ಲಿ ಮೊದಲ ಮಾರ್ಷಲ್ ಆಂಪ್ ತಯಾರಾಯಿತು. ಅದು ಹೆಡ್ ರೂಪದಲ್ಲೇ ಇತ್ತು. ಆಮೇಲೆ ದಿ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಎಂಟು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಬೇಕು ಅಂದರು. ಮಾಡಿಕೊಟ್ಟರು. ಹೊರುವ ಹುಡುಗರು ಎತ್ತಲು ಆಗಲ್ಲ ಅಂದ ಮೇಲೆ ಅದನ್ನು ನಾಲ್ಕು ನಾಲ್ಕು ಸ್ಪೀಕರಿನ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಇಟ್ಟರು. ಇವತ್ತು ಫೋಟೋಗಳಲ್ಲಿ ಕಾಣುವ ಎತ್ತರದ ಸ್ಟ್ಯಾಕ್ ಹುಟ್ಟಿದ್ದು ಹಾಗೆ. ಅದೇ ಕಂಪನಿಯ ಹೆಸರುವಾಸಿ ಕಾಂಬೋ ಕೂಡ, ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಕಾರಿನ ಡಿಕ್ಕಿಯಲ್ಲಿ ಹಿಡಿಸುವ ಆಂಪ್ ಬೇಕು ಅಂದಿದ್ದರಿಂದ ಬಂತು ಅಂತ ಹೇಳುತ್ತಾರೆ. ಫೆಂಡರ್ ಟ್ವಿನ್ ರಿವರ್ಬ್, ವಾಕ್ಸ್ ಎಸಿ30 ಥರದ ಕಾಂಬೋಗಳು 30 ಕೆಜಿ ಆಸುಪಾಸು ತೂಗುತ್ತವೆ. ಎಲ್ಲ ಕಡೆಯೂ ಹೊರುವವರ ಬೆನ್ನೇ ಆಂಪ್‌ನ ಆಕಾರ ತೀರ್ಮಾನ ಮಾಡಿದೆ. ನಮ್ಮ ಕಾಕಾ ಹೇಳಿದ್ದೂ ಅದನ್ನೇ.

ದುಡ್ಡು ವಾಪಸ್ ಬಂದ ಮರುವಾರ ಹೈದರಾಬಾದಿಗೆ ಹೋಗಿ ಹೆಡ್ ಕೊಂಡೆ. 58,000 ರೂಪಾಯಿ, ಜಿಎಸ್‌ಟಿ ಸೇರಿ. ಅಂಗಡಿಯಲ್ಲೇ ಕ್ಯಾಬ್‌ಗೆ ಹಾಕಿಸಿ ಅರ್ಧ ಗಂಟೆ ಓಡಿಸಿ ನೋಡಿದೆ. ಟ್ಯೂಬ್‌ನ ಬೆಳ್ಳಿ ಬಣ್ಣ ಟಾರ್ಚ್ ಹಾಕಿ ನೋಡಿದೆ. ಹಿಂದಿನ ಚೀಟಿಯಲ್ಲಿ 230 ವೋಲ್ಟ್ ಅಂತ ಇದೆಯಾ ನೋಡಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮರೆಯಬೇಡಿ. ಅಮೆರಿಕದಿಂದ ಯಾರೋ ತಂದ 120 ವೋಲ್ಟ್ ಆಂಪ್ ನಮ್ಮ ಪ್ಲಗ್‌ಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ವಾಪಸ್ ಬರುವಾಗ ರೈಲಿನಲ್ಲಿ ಹೆಡ್ ನನ್ನ ಕಾಲ ನಡುವೆ ಇತ್ತು. ವಿಕಾರಾಬಾದ್ ದಾಟುವ ತನಕ ಅದರ ಮೇಲಿಂದ ಕೈ ತೆಗೆಯಲಿಲ್ಲ. ಮಿಲ್‌ನ ಕಾಟಾದಲ್ಲಿ ತೂಗಿದೆ, 9 ಕೆಜಿ 600 ಗ್ರಾಂ.

ಈಗ ಹೆಡ್ ಬಂತು, ಸ್ಪೀಕರ್ ಇಲ್ಲ. ಆನ್ ಮಾಡಿ ನೋಡುವ ಆಸೆ ತಡೆದುಕೊಳ್ಳುವುದು ಕಷ್ಟವಾಯಿತು. ದಯವಿಟ್ಟು ತಡೆದುಕೊಳ್ಳಿ. ಟ್ಯೂಬ್ ಹೆಡ್ ಅನ್ನು ಸ್ಪೀಕರ್ ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಒಳಗೆ ಇರುವುದರಲ್ಲಿ ದುಬಾರಿ ಭಾಗಗಳಲ್ಲಿ ಅದೊಂದು. ಕಾಂಬೋದಲ್ಲಿ ಸ್ಪೀಕರ್ ಯಾವಾಗಲೂ ಜೋಡಿಸಿಯೇ ಇರುತ್ತದೆ, ಈ ಚಿಂತೆ ಕಡಿಮೆ. ಹೆಡ್ ತಗೊಂಡವರು ಈ ಅಭ್ಯಾಸ ಮಾಡಿಕೊಳ್ಳಲೇಬೇಕು: ಮೊದಲು ಸ್ಪೀಕರ್ ವೈರ್, ಆಮೇಲೆ ಪವರ್.

ಕ್ಯಾಬ್ ನಾನೇ ಮಾಡಿಸಲು ತೀರ್ಮಾನಿಸಿದೆ. ಆಳಂದ ರಸ್ತೆಯಲ್ಲಿ ಬಾಗಿಲು, ಕಿಟಕಿ ಮಾಡುವ ಬಡಗಿಯೊಬ್ಬರು ಒಪ್ಪಿದರು, ಆದರೆ ಜಾತ್ರೆ ಮುಂದಿತ್ತು. ಅಂಗಡಿ ಮುಂಗಟ್ಟುಗಳ ಕೆಲಸ ಮುಗಿಯದೆ ಕೈಗೆ ಸಿಗುವುದಿಲ್ಲ ಅಂದರು. ಎರಡು ವಾರ ಅಲ್ಲೇ ಹೋಯಿತು. ಆ ಹೊತ್ತಿಗೆ ಸ್ಪೀಕರ್ ಆರ್ಡರ್ ಮಾಡಿದೆ. ಸೆಲೆಸ್ಟಿಯನ್ ಕಂಪನಿಯ ಸೆವೆಂಟಿ 80, 12 ಇಂಚು, 80 ವಾಟ್, 9,200 ರೂಪಾಯಿ. ಕೇಳಿದ್ದು 8 ಓಮ್ (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ). ಬಂದದ್ದು 16 ಓಮ್.

ಎರಡು ದಿನ ಊಟ ಸೇರಲಿಲ್ಲ. ಮತ್ತೆ ವಾಪಸ್ ಕಳಿಸುವ ಕಥೆ ಶುರುವಾಯಿತು ಅನ್ನಿಸಿತು. ಆಮೇಲೆ ಹೆಡ್ ಹಿಂದೆ ತಿರುಗಿಸಿ ನಿಧಾನವಾಗಿ ಓದಿದೆ. ಒಂದು ತೂತು 16 ಓಮ್‌ಗೆ, ಇನ್ನೊಂದು 8 ಓಮ್‌ಗೆ. ಅಂದರೆ 16 ಓಮ್ ಸ್ಪೀಕರ್ ಅನ್ನು 16ರ ತೂತಿಗೆ ಹಾಕಿದರೆ ಏನೂ ತೊಂದರೆ ಇಲ್ಲ. ಮುಂದೆ ಇನ್ನೊಂದು 16 ಓಮ್ ಕ್ಯಾಬ್ ಸೇರಿಸಿದರೆ ಎರಡೂ ಪ್ಯಾರಲಲ್ ಆಗಿ 8 ಓಮ್ ಆಗುತ್ತದೆ, ಅದಕ್ಕೂ ಜಾಗ ಇದೆ. ತಪ್ಪಿ ಬಂದದ್ದೇ ಒಳ್ಳೆಯದಾಯಿತು. ಟ್ಯೂಬ್ ಆಂಪ್‌ನಲ್ಲಿ ಓಮ್ ಎರಡೂ ಕಡೆ ಒಂದೇ ಇರಬೇಕು. ಟ್ರಾನ್ಸಿಸ್ಟರ್ ಆಂಪ್ ಆದರೆ ಅದರ ಮೇಲೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗೆ ಹೋಗಬಾರದು. ಮೇಲೆ ಹೋದರೆ ಸದ್ದು ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ.

ಜಾತ್ರೆಯ ತೇರು ಎಳೆದು ನಾಲ್ಕು ದಿನಕ್ಕೆ ಬಡಗಿ ಫೋನ್ ಮಾಡಿದರು. 18 ಮಿಲಿಮೀಟರ್ ಪ್ಲೈ, ಅಗ್ಗದ ಕಮರ್ಷಿಯಲ್ ಅಲ್ಲ, ನೀರು ತಡೆಯುವ ಗಟ್ಟಿ ಜಾತಿ. ಅಗಲ 21 ಇಂಚು, ಎತ್ತರ 19, ಆಳ 12. ಸ್ಪೀಕರ್ ಕೂರುವ ಹಲಗೆಯಲ್ಲಿ 283 ಮಿಲಿಮೀಟರಿನ ದುಂಡು ತೂತು. ಅವರು ಹಲಗೆಯ ನಡುವೆ ಮೊಳೆ ಹೊಡೆದು, ತೆಳು ಪಟ್ಟಿಯ ತುದಿಗೆ ಪೆನ್ಸಿಲ್ ಕಟ್ಟಿ, ಒಂದೇ ಸುತ್ತಿಗೆ ವೃತ್ತ ಎಳೆದರು. ಗರಗಸದ ಮಿಷನ್ ಅದರ ಮೇಲೆ ಹೋಗುವಾಗ ಉಸಿರು ಬಿಗಿ ಹಿಡಿದು ನಿಂತಿದ್ದೆ. ಪೆಟ್ಟಿಗೆ ಅಂಟಿಸಿ ಒಂದು ರಾತ್ರಿ ಬಿಟ್ಟರು. ಮರುದಿನ ಬೆಳಿಗ್ಗೆ ಬೆರಳಿನ ಗೆಣ್ಣಿನಿಂದ ಸುತ್ತ ತಟ್ಟುತ್ತಾ ಬಂದರು, ತೆಂಗಿನಕಾಯಿ ನೋಡುವ ಹಾಗೆ. ಕೆಳಗಿನ ಎಡ ಮೂಲೆಯಲ್ಲಿ ಕೈ ನಿಂತಿತು.

“ಇಲ್ಲಿ ದನಿ ಬ್ಯಾರೆ ಅದ ನೋಡ್ರಿ. ಅಂಟು ಹತ್ತಿಲ್ಲ.”

ನನಗೆ ಮೊದಲು ಕೇಳಲಿಲ್ಲ. ಅವರು ಮತ್ತೆ ತಟ್ಟಿ ತೋರಿಸಿದರು. ಎಲ್ಲ ಕಡೆ ಗಟ್ಟಿ ಟಕ್, ಅಲ್ಲಿ ಮಾತ್ರ ಸಣ್ಣ ಟರ್. ಆ ಮೂಲೆ ಬಿಚ್ಚಿ ಮತ್ತೆ ಅಂಟು ಹಾಕಿ ಒಳಗಿನಿಂದ ಒಂದು ಪಟ್ಟಿ ಕೂರಿಸಿದರು. ಅದನ್ನು ಹಾಗೇ ಬಿಟ್ಟಿದ್ದರೆ ಜೋರಾಗಿ ನುಡಿಸಿದಾಗಲೆಲ್ಲ ಪೆಟ್ಟಿಗೆ ಗುರಗುಟ್ಟುತ್ತಿತ್ತು, ನಾನು ಸ್ಪೀಕರ್ ಕೆಟ್ಟಿದೆ ಅಂತ ಹುಡುಕುತ್ತಿದ್ದೆ. ಗಿಟಾರ್ ಅಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಮರದ ದನಿ ಅವರಿಗೆ ಗೊತ್ತು.

ಹೈದರಾಬಾದಿನಲ್ಲಿ ಎರಡೂ ಥರ ಕೇಳಿದ್ದೆನಲ್ಲ, ಹಾಗಾಗಿ ಹಿಂದಿನ ಹಲಗೆಯನ್ನು ಮೂರು ತುಂಡು ಮಾಡಿಸಿದೆ. ನಡುವಿನ ತುಂಡು ಆರು ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ. ಹಾಕಿದರೆ ಮುಚ್ಚಿದ ಕ್ಯಾಬ್, ತೆಗೆದರೆ ತೆರೆದ ಕ್ಯಾಬ್. ಸೋಫಾ ಅಂಗಡಿಯಿಂದ ಕಪ್ಪು ರೆಕ್ಸಿನ್, ಮೂಲೆಗೆ ಲೋಹದ ಕಾರ್ನರ್, ಎರಡೂ ಬದಿಗೆ ಹಿಡಿಕೆ. ಪ್ಲೈ 3,400, ರೆಕ್ಸಿನ್, ಬಟ್ಟೆ, ಬೋಲ್ಟ್ ಎಲ್ಲ 1,900, ಕೂಲಿ 3,000. ಕ್ಯಾಬ್ ತೂಕ 16 ಕೆಜಿ ಚಿಲ್ಲರೆ. ಎರಡೂ ಕೂಡಿಸಿದರೆ ಕಾಂಬೋಗಿಂತ ತೂಕ ಜಾಸ್ತಿನೇ. ಆದರೆ ಎರಡನ್ನೂ ಒಟ್ಟಿಗೆ ಎತ್ತುವ ಪ್ರಸಂಗ ಬರುವುದಿಲ್ಲ.

ಹೆಡ್ಡಿನಿಂದ ಕ್ಯಾಬ್‌ಗೆ ಹೋಗುವ ವೈರ್ ಬಗ್ಗೆ ಹೇಳಲೇಬೇಕು. ಗಿಟಾರ್ ಕೇಬಲ್ ತುದಿ ಸ್ಪೀಕರ್ ತೂತಿನಲ್ಲೂ ಸರಿಯಾಗಿ ಕೂರುತ್ತದೆ, ಹಾಗಾಗಿ ಅದನ್ನೇ ಹಾಕುವವರು ತುಂಬಾ ಜನ. ಹಾಕಬಾರದು. ಗಿಟಾರ್ ಕೇಬಲಿನ ಒಳಗಿನ ತಂತಿ ತೀರಾ ಸಣ್ಣದು, ಸ್ಪೀಕರ್ ಕರೆಂಟಿಗೆ ಬಿಸಿಯಾಗಿ ಕೆಡುತ್ತದೆ, ಜೊತೆಗೆ ಆಂಪ್‌ಗೂ ಅಪಾಯ. ನಾನು ಎಲೆಕ್ಟ್ರಿಕ್ ಅಂಗಡಿಯಿಂದ 1.5 ಸ್ಕ್ವೇರ್ ಎಂಎಂನ ಎರಡೆಳೆ ವೈರ್ ಒಂದೂವರೆ ಮೀಟರ್ ತಂದು, ಎರಡು ತುದಿಗೆ ಜ್ಯಾಕ್ ಬೆಸುಗೆ ಹಾಕಿಸಿದೆ. 350 ರೂಪಾಯಿ.

ಒಟ್ಟು 75,850. ಕಾಂಬೋಗೆ ಸಾಗಾಣಿಕೆ ಸೇರಿ ಕೊಟ್ಟದ್ದಕ್ಕಿಂತ 2,000 ಜಾಸ್ತಿ. ಬಜೆಟ್ ಸ್ವಲ್ಪ ದಾಟಿತು. ರೆಡಿಮೇಡ್ ಕ್ಯಾಬ್ ತಗೊಂಡಿದ್ದರೆ 82,000 ದಾಟುತ್ತಿತ್ತು.

ಇನ್ನು ಕರೆಂಟು. ರೂಮಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದರೆ ಸಂಜೆ ಏಳಕ್ಕೆ 192, ರಾತ್ರಿ ಹತ್ತರ ಮೇಲೆ 246 ವೋಲ್ಟ್. ಟ್ಯೂಬ್ ಆಂಪ್‌ನಲ್ಲಿ ಹೊರಗಿನ ವೋಲ್ಟೇಜ್ ಏರಿಳಿದ ಹಾಗೆ ಒಳಗಿನ ಎಲ್ಲ ವೋಲ್ಟೇಜೂ ಏರಿಳಿಯುತ್ತದೆ. ಕಡಿಮೆಯಾದರೆ ಸದ್ದು ಸೊರಗುತ್ತದೆ, ಜಾಸ್ತಿಯಾದರೆ ಟ್ಯೂಬಿನ ಆಯಸ್ಸು ಕರಗುತ್ತದೆ. 2,200 ಕೊಟ್ಟು ಒಂದು ಸ್ಟೆಬಿಲೈಸರ್ ತಂದೆ. ಅದಕ್ಕಿಂತ ಹೆದರಿಕೆಯಾದದ್ದು ಅರ್ಥಿಂಗ್ ವಿಷಯ. ಗೋಡೆಯ ಮೂರನೇ ತೂತಿಗೆ ವೈರೇ ಇರಲಿಲ್ಲ. ಗಿಟಾರ್ ತಂತಿ ಆಂಪ್‌ನ ಅರ್ಥ್‌ಗೆ ಸೇರಿರುತ್ತದೆ. ಅರ್ಥಿಂಗ್ ಸರಿಯಿಲ್ಲದ ಕಡೆ ತಂತಿ ಹಿಡಿದುಕೊಂಡು ಮೈಕ್‌ಗೆ ತುಟಿ ತಾಗಿಸಿದರೆ ಶಾಕ್ ಹೊಡೆಯುತ್ತದೆ, ಕೆಲವೊಮ್ಮೆ ಜೀವವೇ ಹೋಗುವಷ್ಟು. ಎಲೆಕ್ಟ್ರಿಷಿಯನ್ ಹಿತ್ತಲಲ್ಲಿ ಗುಂಡಿ ತೋಡಿ, ಉಪ್ಪು, ಇದ್ದಿಲು ಹಾಕಿ ಹೊಸ ಅರ್ಥಿಂಗ್ ಮಾಡಿದರು. 1,500 ಆಯಿತು, ನಾಲ್ಕು ಜನ ಹಂಚಿಕೊಂಡೆವು. ಗುಂಯ್ ಅನ್ನುವ ಹಮ್ ಬರುತ್ತದೆ ಅಂತ ಪ್ಲಗ್‌ನ ಮೂರನೇ ಕಡ್ಡಿ ಮುರಿಯುವವರನ್ನು ನೋಡಿದ್ದೇನೆ. ಕೈ ಮುಗಿದು ಹೇಳುತ್ತೇನೆ, ಮಾಡಬೇಡಿ. ಮದುವೆ ಪೆಂಡಾಲ್‌ನಲ್ಲಿ ಜನರೇಟರ್ ಇದ್ದರೆ ಆಂಪ್ ಹಾಕುವ ಮುಂಚೆ ಒಂದು ಸಲ ಮೀಟರ್ ಇಟ್ಟು ನೋಡಿ.

ಭಾನುವಾರ ಸಂಜೆ ಎಲ್ಲ ಸೇರಿದೆವು. ಹೊರಗೆ ಇನ್ನೂ ಬಿಸಿಲಿನ ಝಳ ಇಳಿದಿರಲಿಲ್ಲ. ಸ್ಪೀಕರ್ ವೈರ್ ಹಾಕಿದೆ, 16 ಓಮ್ ತೂತು ಹೌದಾ ಅಂತ ಎರಡು ಸಲ ನೋಡಿದೆ. ಪವರ್ ಹಾಕಿದೆ. ಎರಡು ನಿಮಿಷ ಸ್ಟ್ಯಾಂಡ್‌ಬೈ. ಹಿಂದಿನ ಜಾಲರಿಯಲ್ಲಿ ಟ್ಯೂಬ್‌ಗಳು ಸಣ್ಣ ಹಣತೆಯ ಹಾಗೆ ಕೆಂಪಾಗಿ ಹತ್ತಿಕೊಂಡವು. ಸ್ವಿಚ್ ಒತ್ತಿ ಕೆಳಗಿನ ತಂತಿ ಒಂದನ್ನು ಮೀಟಿದೆ. ಗೋಡೌನಿನ ತಗಡಿನ ಶೆಲ್ಫ್ ನಡುಗಿತು. ಡ್ರಮ್ಮರ್ ಕೋಲು ಕೆಳಗಿಟ್ಟು ಎದ್ದು ಬಂದು ಕ್ಯಾಬ್ ಮೇಲೆ ಅಂಗೈ ಇಟ್ಟು ನಿಂತ. ಹಾಡುಗಾರ ತತ್ವಪದ ಶುರು ಮಾಡಿದ. ಹಿಂದಿನ ತುಂಡು ತೆಗೆದು ಒಂದು ಸಲ, ಹಾಕಿ ಒಂದು ಸಲ ನುಡಿಸಿದೆವು. ಅವನಿಗೆ ತೆಗೆದದ್ದು ಇಷ್ಟವಾಯಿತು, ಸದ್ದು ದನಿಯ ಸುತ್ತ ಹರಡುತ್ತದೆ ಅಂದ. ಗಿಟಾರ್ ಕಡಿಮೆ ಮಾಡು ಅಂತ ಅವನು ಸನ್ನೆ ಮಾಡಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ನೆಲಮಹಡಿಯಲ್ಲಿ ಮನೆ ಇದ್ದು, ಅಲ್ಲೇ ಪ್ರಾಕ್ಟೀಸ್ ಮಾಡುವವರಿಗೆ, ಸ್ವಂತ ಕಾರು ಇರುವವರಿಗೆ ಕಾಂಬೋನೇ ಸರಿ. ಅದರಲ್ಲೂ ಟ್ರಾನ್ಸಿಸ್ಟರ್ ಕಾಂಬೋ ಆದರೆ ಹಗುರ, ಟ್ಯೂಬ್ ಒಡೆಯುವ ಭಯ ಇಲ್ಲ. ಈಗಷ್ಟೇ ಕಲಿಯುತ್ತಿರುವ ಹುಡುಗರಿಗೆ ನಾನು ಅದನ್ನೇ ಹೇಳುತ್ತೇನೆ. ಮೇಲಿನ ಮಹಡಿ, ಆಟೋ, ಬೇರೆ ಕಡೆ ರೂಮು, ರಿಪೇರಿಗೆ ಪರ ಊರು ಅನ್ನುವವರು ಎರಡು ಪೆಟ್ಟಿಗೆ ಬಗ್ಗೆ ಯೋಚಿಸಿ. ಯಾವುದೇ ತಗೊಳ್ಳಿ, ನುಡಿಸಿ ಮುಗಿದ ಮೇಲೆ ಟ್ಯೂಬ್ ಆಂಪ್ ಅನ್ನು ಹತ್ತು ನಿಮಿಷ ಆರಲು ಬಿಟ್ಟೇ ಎತ್ತಿ. ಬಿಸಿ ಟ್ಯೂಬ್‌ಗೆ ಪೆಟ್ಟು ಬಿದ್ದರೆ ತಡೆಯುವುದಿಲ್ಲ.

ಭಾನುವಾರ ರಾತ್ರಿ ಹೆಡ್ ಅನ್ನು ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟುಕೊಂಡು ಮನೆಗೆ ತಂದೆ. ಈಗ ಕ್ಯಾಬ್‌ಗೆ ಧೂಳು ಕೂರದ ಹಾಗೆ ದಪ್ಪ ಬಟ್ಟೆಯ ಕವರ್ ಬೇಕು. ತಾಡಪತ್ರಿ ಹೊಲಿಯುವವರಿಗೆ ಅಳತೆ ಕೊಟ್ಟು ಬಂದಿದ್ದೇನೆ, ಬುಧವಾರ ಕೊಡುತ್ತೇನೆ ಅಂದಿದ್ದಾರೆ. ಶನಿವಾರ ಆಳಂದದಲ್ಲಿ ಒಂದು ಮದುವೆ ಇದೆ. ಕ್ಯಾಬ್ ಗಾಡಿಗೆ ಏರಿಸಲು ಕಾಕಾ ಬರುತ್ತೇನೆ ಅಂದಿದ್ದಾರೆ.